ಸೋಮವಾರಕ್ಕೊಮ್ಮೆ ಸಾಯುವ ಬ್ಯಾಟರಿ

ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುತ್ತಾರೆ. ಗಾಡಿ ಕೆಟ್ಟರೆ ಮಾತ್ರ ಓಣಿಯ ಗಂಡಸರೆಲ್ಲ ತಾವೇ ಡಾಕ್ಟರಾಗುತ್ತಾರೆ. ನಮ್ಮ ಕಾರು ಬಹಳ ಹಳೆಯದು, ಇಬ್ಬರು ಮಾಲೀಕರನ್ನು ಮುಗಿಸಿ ನನ್ನ ಗಂಡನ ಕೈಗೆ ಬಂದದ್ದು. ಅವರ ಆಫೀಸು ಮನೆಯಿಂದ ಕೂಗಳತೆಯಲ್ಲಿದೆ. ನಾನು ಸಮಾಜ ವಿಜ್ಞಾನ ಕಲಿಸುವ ಹೈಸ್ಕೂಲು ಇರುವುದು ಮುದ್ದೇಬಿಹಾಳದ ಕಡೆ. ಹೀಗಾಗಿ ಕಾರು ಅವರದು, ಓಡಿಸುವವಳು ನಾನು. ಈ ಏರ್ಪಾಡು ಅವರಿಗೆ ಎಂದೂ ಪೂರ್ತಿ ಒಗ್ಗಿರಲಿಲ್ಲ.

ಆ ಕಾರಿಗೊಂದು ವಿಚಿತ್ರ ರೋಗ ಹತ್ತಿತು. ವಾರವಿಡೀ ಚಾವಿ ತಿರುಗಿಸಿದ ಕೂಡಲೇ ಏಳುತ್ತಿದ್ದ ಗಾಡಿ, ಸೋಮವಾರ ಬೆಳಿಗ್ಗೆ ಮಾತ್ರ ‘ಟಕ್’ ಎಂದು ಸುಮ್ಮನಾಗಿಬಿಡುತ್ತಿತ್ತು. ಓಣಿಯವರು ಇಂಗಳೇಶ್ವರ ರಸ್ತೆಯವರೆಗೆ ದೂಡಿ, ಅದು ಕೆಮ್ಮುತ್ತಾ ಎದ್ದ ಮೇಲೆ ನನ್ನನ್ನು ಕಳಿಸಿಕೊಡುತ್ತಿದ್ದರು. ದೂಡಿದವರಿಗೆಲ್ಲ ಆಮೇಲೆ ನಮ್ಮ ಮನೆಯಲ್ಲೇ ಚಹಾ.

ಮೊದಲ ತೀರ್ಪು ಕೊಟ್ಟವರು ಪಕ್ಕದ ಮನೆಯ ಕಾಕಾ. ಕಾಲುವೆ ಆಫೀಸಿನಿಂದ ರಿಟೈರ್ ಆದವರು. ಬಾನೆಟ್ ಎತ್ತಿಸಿ, ಬಾವಿಗೆ ಬಿದ್ದ ಕೊಡ ಹುಡುಕುವವರಂತೆ ಬಗ್ಗಿ ನೋಡಿ, “ತಮ್ಮಾ, ಬ್ಯಾಟರಿ ಹೋಗೈತಿ” ಎಂದರು. ಹೊಸ ಬ್ಯಾಟರಿ ಬಂತು. ಸೋಮವಾರ ಅದೂ ಸತ್ತಿತು. “ಹಂಗಾರ ಡೈನಮೋ ಹೋಗೈತಿ” ಎಂದರು. ಡೈನಮೋ ಎಂದರೆ ಗಾಡಿ ಓಡುವಾಗ ಬ್ಯಾಟರಿ ತುಂಬುವ ಯಂತ್ರ. ಸಿಂದಗಿಯ ಎಲೆಕ್ಟ್ರಿಷಿಯನ್ ಅದನ್ನು ಬಿಚ್ಚಿ, ಒರೆಸಿ, ಕಾರ್ಬನ್ ಬದಲಿಸಿ ಕೂಡಿಸಿದ. ಮತ್ತೆ ಸೋಮವಾರ, ಮತ್ತೆ ಟಕ್. ಅತ್ತೆ, “ಸ್ವಾಮಾರ ದಿನ ಗುಡಿಗಿ ಕೈ ಮುಗಿಲಾರದ ಹೋದ್ರ ಇನ್ನೇನ್ ಆಗ್ತೈತಿ?” ಎಂದರು. ಮರುವಾರ ಗುಡಿಗೂ ಹೋಗಿ ಬಂದೆ. ಬ್ಯಾಟರಿ, ಡೈನಮೋ, ದೇವರು ಮೂವರೂ ನಿರಪರಾಧಿಗಳೆಂದು ಸಾಬೀತಾದ ಮೇಲೆ ಉಳಿದವಳು ನಾನೊಬ್ಬಳೇ.

“ಹೆಣ್ಮಕ್ಕಳು ಹಾರ್ನ್ ಭಾಳ ಹೊಡಿತಾರ. ಎಲ್ಲಾ ಕರೆಂಟ್ ಅಲ್ಲೇ ಖಾಲಿ” ಎಂದರು ಕಾಕಾ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ಎಲ್ಲರೂ ಹೌದು ಹೌದು ಎಂದರು. ನನ್ನ ಗಂಡ ಚಾವಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು, “ಸ್ವಲ್ಪ ದಿನ ನೀ ಬಸ್ಸಿಗೆ ಹೋಗು. ಗಾಡಿಗೆ ಆರಾಮ ಸಿಗಲಿ” ಎಂದರು. ನನ್ನ ಆರಾಮದ ಮಾತು ಯಾರೂ ಎತ್ತಲಿಲ್ಲ. ಮೈಯೆಲ್ಲ ಉರಿದುಹೋಯಿತು. ಡ್ರೈವಿಂಗ್ ಕಲಿಯಲು ಈ ಮನೆಯಲ್ಲಿ ನಾನು ಎಷ್ಟು ಮಾತು ಕೇಳಿದ್ದೆ ಎಂಬುದು ನನಗೇ ಗೊತ್ತು. ಆ ಚಾವಿ ಒಮ್ಮೆ ಹೋದರೆ ಹೋದಂತೆಯೇ.

ಆದರೆ ಆರಾಮ ಪಡೆದ ಗಾಡಿ ಈಗ ಸೋಮವಾರಕ್ಕೆ ಕಾಯದೆ, ಯಾವ ದಿನ ಬೇಕೋ ಆ ದಿನ ಸಾಯತೊಡಗಿತು. ನಾನು ಮುಟ್ಟದೆಯೇ ಹೀಗಾಯಿತಲ್ಲ ಎಂದರೆ ಕಾಕಾ ತಲೆದೂಗಿ, “ತಂಗಿ, ಮೊದಲ ಆದ ಡ್ಯಾಮೇಜ್ ಅದು” ಎಂದರು.

ಮುದ್ದೇಬಿಹಾಳದ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಹಿಡಿದು ನಿಂತಾಗ ನನಗೆ ಹೊಳೆಯಿತು: ತಪ್ಪು ಸೋಮವಾರದ್ದಲ್ಲ, ಭಾನುವಾರದ್ದು. ಭಾನುವಾರ ಕಾರು ನಿಂತೇ ಇರುತ್ತದೆ. ನಿಂತಾಗ ಒಳಗಿನ ಯಾವುದೋ ಒಂದು ಯಂತ್ರ ಕದ್ದುಮುಚ್ಚಿ ಬ್ಯಾಟರಿಯ ಕರೆಂಟು ಕುಡಿಯುತ್ತಿದೆ. ಉಳಿದ ದಿನ ನಾನು ಓಡಿಸಿ ಓಡಿಸಿ ಅದು ಕುಡಿದಷ್ಟನ್ನೂ ತುಂಬುತ್ತಿದ್ದೆ. ಗಾಡಿಯನ್ನು ಕೆಡಿಸುತ್ತಿದ್ದೇನೆ ಎನಿಸಿಕೊಂಡ ನಾನೇ ಅದನ್ನು ಬದುಕಿಸಿಟ್ಟಿದ್ದೆ!

ಮೊಬೈಲಿನಲ್ಲಿ ನಾಲ್ಕಾರು ವಿಡಿಯೋ ನೋಡಿದೆ. ಭಾನುವಾರ, ಚಾರ್ಜ್ ಮಾಡಿಸಿ ತಂದ ಬ್ಯಾಟರಿ ಕೂಡಿಸಿದ ಮೇಲೆ, ಅದರ ಮೈನಸ್ ವೈರು ಬಿಚ್ಚಿ, ವೈರಿಗೂ ಬ್ಯಾಟರಿಗೂ ನಡುವೆ ಒಂದು ಸಣ್ಣ ಬಲ್ಬು ಸೇರಿಸಿದೆ. ಚಾವಿ ಗಂಡನ ಕಿಸೆಯಲ್ಲಿ, ಬಾಗಿಲು ಮುಚ್ಚಿ, ಲೈಟು ಆರಿ, ಎಲ್ಲವೂ ಬಂದ್. ಆದರೂ ಬಲ್ಬು ಉರಿಯಿತು. ಕರೆಂಟು ಎಲ್ಲಿಗೋ ಹೋಗುತ್ತಿತ್ತು. ಒಂದೊಂದೇ ಫ್ಯೂಸು ಕಿತ್ತೆ. ಎಲ್ಲ ಕಿತ್ತರೂ ಬಲ್ಬು ಆರಲಿಲ್ಲ. ಅಷ್ಟರಲ್ಲಿ ಓಣಿ ಕೂಡಿತ್ತು. “ಇದ್ದದ್ದೂ ಸುಟ್ಟೀತು, ಬಿಡ ತಂಗಿ” ಎಂದರು ಕಾಕಾ.

ಫ್ಯೂಸುಗಳನ್ನು ದಾಟಿ ಬ್ಯಾಟರಿಯಿಂದ ನೇರವಾಗಿ ಒಂದು ಕೆಂಪು ವೈರು ಕಾರಿನೊಳಗೆ ನುಗ್ಗಿತ್ತು. ಮ್ಯಾಟು ಎತ್ತುತ್ತಾ ಅದರ ಬೆನ್ನು ಹತ್ತಿದೆ. ಹಿಂದಿನ ಸೀಟಿನ ಕೆಳಗೆ ಮೈಕಿನ ಪೆಟ್ಟಿಗೆ! ಮೈದುನ ಪಂಚಾಯಿತಿ ಎಲೆಕ್ಷನ್‌ಗೆ ನಿಂತಾಗ ಪ್ರಚಾರಕ್ಕೆಂದು ನನ್ನ ಗಂಡ ತಾವೇ ಕೂಡಿಸಿದ್ದು. ಮೈದುನ ಸೋತ, ಕಾರಿನ ಮೇಲಿನ ಭೋಂಗಾ ಸ್ಪೀಕರು ಇಳಿಯಿತು, ಕೆಳಗಿನ ಪೆಟ್ಟಿಗೆ ಮಾತ್ರ ಸ್ವಿಚ್ ಆಫ್ ಆಗದೆ, ಧೂಳು ತಿನ್ನುತ್ತಾ, ಇನ್ನೂ ಪ್ರಚಾರಕ್ಕೆ ಸಜ್ಜಾಗಿ ಕೂತಿತ್ತು. ವೈರು ಕಿತ್ತೆ. ಬಾನೆಟ್ಟಿನ ಹತ್ತಿರ ನಿಂತಿದ್ದ ಅತ್ತೆ, “ಬಲ್ಬು ಆರಿತು ನೋಡ್ರಿ!” ಎಂದು ಕೂಗಿದರು.

“ಎಲೆಕ್ಷನ್ ಗದ್ದಲದಾಗ ಸ್ವಿಚ್ ಆರಿಸೋದು ಯಾರಿಗಿ ನೆನಪಿತ್ತು” ಎಂದು ಗಂಡ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡದ್ದು ಹೀಗೆಯೇ ಇರಬೇಕು. ನಾನು ಬಲ್ಬು ತೆಗೆದು, ಫ್ಯೂಸುಗಳನ್ನೂ ಬ್ಯಾಟರಿಯ ಮೈನಸ್ ವೈರನ್ನೂ ಮತ್ತೆ ಕೂಡಿಸಿದೆ. ಅವರು ಡ್ರೈವರ್ ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಿದರು. ಒಂದೇ ಏಟಿಗೆ ಎದ್ದಿತು.

“ನೋಡ್ರಿ, ಗಾಡಿ ಹೆಂಗ ಚಾಲೂ ಆತು!” ಎಂದು ಕಾಕಾನ ಕಡೆ ನಕ್ಕು, ಇಂಜಿನ್ ಆರಿಸಿ, ಚಾವಿಯನ್ನು ಮತ್ತೆ ಕಿಸೆಗೆ ಹಾಕಿದರು. “ನಾಳಿಂದ ನಾನ ಆಫೀಸಿಗೆ ಒಯ್ತೇನಿ.”

ನನಗೆ ಕೂಗಾಡಬೇಕೆನಿಸಿತು. ಕೂಗಲಿಲ್ಲ. ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತಾ, ಓಣಿಗೆಲ್ಲ ಕೇಳುವಂತೆ ಕೇಳಿದೆ:

“ತಪ್ಪು ನಂದು ಅಂದಾಗ ಚಾವಿ ನಿಮ್ಮ ಕಿಸೇಕ ಹೋತು. ಈಗ ತಪ್ಪು ನಿಮ್ಮದು ಅಂತ ಗೊತ್ತಾತಲ್ರಿ. ಚಾವಿ ಯಾರ ಕಡೆ ಇರಬೇಕು?”

ಅವರು ಕಾಕಾನ ಮುಖ ನೋಡಿದರು. ಕಾಕಾ ಬ್ಯಾಟರಿ ನೋಡತೊಡಗಿದರು. ಕಡೆಗೆ ಚಾವಿ ಕಿಸೆಯಿಂದ ಹೊರಬಂತು. ನನ್ನ ಕೈಗೆ ಕೊಡಲಿಲ್ಲ, ಕಾರಿನಿಂದಿಳಿದು, ಡ್ರೈವರ್ ಸೀಟಿನ ಮೇಲಿಟ್ಟು ಮನೆಯೊಳಗೆ ಹೋದರು. ನಾನು ಎತ್ತಿಕೊಂಡೆ.