ರಾಣಿಗೆ ಮಾತು ಹೇಳಿಕೊಟ್ಟವನು

ನನ್ನ ಗಂಡ ಶಹಾತ ದಮನ್ಹೂರಿನ ನೂಲಿನ ಗಿರಣಿಯಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುತ್ತಿದ್ದ. ಸಂಜೆ ನಮ್ಮ ನಾಟಕ ತಂಡದಲ್ಲಿ ಮಾತು ಹೇಳಿಕೊಡುತ್ತಿದ್ದ. ರಂಗದ ಅಂಚಿನ ಕೆಳಗೊಂದು ಗೂಡು. ಅದರಲ್ಲಿ ಪುಸ್ತಕ ಹಿಡಿದು ಕೂತು, ಮರೆತವರಿಗೆ ಪಿಸುಗುಟ್ಟುವುದು. ಇಪ್ಪತ್ತಾರು ವರ್ಷ. ನೋಡಲು ಬಂದವರು ಒಮ್ಮೆಯೂ ಅವನ ಮುಖ ಕಂಡಿಲ್ಲ.

ನಾನು ಅಲ್ಲಿ ರಾಣಿ. ರಾಜ ಸತ್ತ ತಿಂಗಳೊಳಗೆ ಮೈದುನನನ್ನು ಮದುವೆಯಾಗುವ ರಾಣಿ. ಕೊನೆಗೆ ಎಲ್ಲರೂ ಸಾಯುವ ಹಳೆಯ ನಾಟಕ. ನಾನು ಓದಿದ್ದು ಮೂರನೇ ತರಗತಿ. ಕಾಳು ಆರಿಸುತ್ತ ಕೂತಾಗ ಅವನೇ ಮಾತುಗಳನ್ನು ಬಾಯಿಪಾಠ ಮಾಡಿಸುತ್ತಿದ್ದ.

"ನಿನ್ ರಾಣಿಗೆ ಅದೇನ್ ಅವಸರಾನೇ, ಇನ್ಸಾಫ್? ಗಂಡ ಸತ್ತೋಳು ಕೂರೋ ಹಾಗೆ ನಾಲ್ಕು ತಿಂಗ್ಳು ಹತ್ತು ದಿನ ಇದ್ದತ್ತಿಗೆ ಅಂತ ಮನೇಲಿ ಕೂತಿದ್ರೆ ಒಬ್ರೂ ಸಾಯ್ತಿರ್ಲಿಲ್ಲ."

"ನಾಟಕಾನೂ ಇರ್ತಿರ್ಲಿಲ್ಲ."

"ಇರ್ತಿತ್ತು. ನಗೋ ನಾಟಕ. ಮೈದುನ ಬಾಗ್ಲಲ್ಲಿ ಕೂತು ದಿನ ಎಣಿಸೋದು."

ಆ ನಗೆನಾಟಕವನ್ನು ಬರೆದೇಬಿಟ್ಟ. ತಾಲೀಮು ಶುರುವಾದ ವಾರವೇ ಗಿರಣಿಯಲ್ಲಿ ಎದೆ ಹಿಡಿದುಕೊಂಡು ಬಿದ್ದ. ಏಳಲಿಲ್ಲ. ನಾನು ಇದ್ದತ್ತಿಗೆ ಕೂತೆ. ತಂಡದ ಮೇಷ್ಟ್ರು ವಜೀಹ್ ಬೇರೆ ರಾಣಿಯನ್ನು ಹುಡುಕಲಿಲ್ಲ, ಕಾದರು. ಇದ್ದತ್ತಿನ ದಿನ ಮುಗಿದ ಮೇಲೆ ಮನೆಗೆ ಬಂದರು.

"ಅಕ್ಕಾ, ಗೂಡಲ್ಲಿ ನನ್ ತಂಗಿ ಮಗಳು ಕೂರ್ತಾಳೆ."

"ಯಾರೂ ಬೇಡ. ಅದು ಅವನ ಜಾಗ."

"ಮಾತು ಮರೆತ್ರೆ?"

"ಮರೀಲಿ ಬಿಡಿ. ವಿಧವೆಯ ಕಪ್ಪು ಬಟ್ಟೆ ನಂದೇ ಇದೆ, ನಿಮ್ಗೆ ಅಷ್ಟು ಹೊಲಿಗೆ ಉಳೀತು."

ನಾಟಕದ ರಾತ್ರಿ ಮರೆತೇಬಿಟ್ಟೆ. ಮೈದುನನ ಪಾತ್ರದವನು "ದಿನ ಮುಗೀತಲ್ಲ ರಾಣಿ, ಬಾ" ಎಂದು ಕೈ ಚಾಚಿದ. ನನ್ನ ಉತ್ತರ ಹಾರಿಹೋಗಿತ್ತು. ಅಭ್ಯಾಸ, ಗೂಡಿನ ಕಡೆ ಬಗ್ಗಿದೆ. ಶಹಾತ ಕೂರುತ್ತಿದ್ದ ಮೆತ್ತೆ ಮಾತ್ರ ಇತ್ತು, ನಡುವೆ ಕುಳಿಬಿದ್ದು. ಸಭೆಯಲ್ಲಿ ಯಾರೋ ಕೆಮ್ಮಿದರು.

"ದಿನ ಮುಗೀತು ಕಣೋ," ಅಂದೆ. "ನಂಗೆ ಮುಗ್ದಿಲ್ಲ. ಈಗ್ಲೂ ಎರಡು ಲೋಟ ಚಹಾ ಮಾಡ್ತೀನಿ. ಒಂದು ಹಾಗೇ ಆರಿಹೋಗತ್ತೆ. ಬೇಕಾದ್ರೆ ಅದನ್ನ ಕುಡ್ಕೊಂಡು ಮನೇಗ್ ನಡಿ."

ಜನ ನಕ್ಕರು. ಜೋರಾಗಿಯೇ ನಕ್ಕರು. ಅವನಿದ್ದಿದ್ದರೆ ಪುಸ್ತಕವನ್ನು ಬಾಯಿಗೊತ್ತಿಕೊಂಡು ಎಲ್ಲರಿಗಿಂತ ಮೊದಲು ನಗುತ್ತಿದ್ದ. ಆಮೇಲೆ, ಬರೆದದ್ದು ಬಿಟ್ಟು ಬೇರೇನೋ ಹೇಳಿದೆ ಎಂದು ಮನೆ ಮುಟ್ಟುವವರೆಗೂ ಬೈಯುತ್ತಿದ್ದ.

ನಡೆದೇ ಬಂದೆ. ಬೈಯುವವರಿಲ್ಲದೆ ದಾರಿ ಉದ್ದವಾಗಿತ್ತು.