ತೊಪ್ಪೂರು ಘಟ್ಟದಲ್ಲಿ ಸದ್ದಿಲ್ಲದ ಲಾರಿ

ತೊಂಬತ್ತರ ದಶಕದಲ್ಲಿ ತೊಪ್ಪೂರು ಘಟ್ಟಕ್ಕೆ ಒಂದು ತಮಿಳು ಸಿನಿಮಾ ತಂಡ ದಯಮಾಡಿಸಿತು. ನಾಯಕನ ಕಾರನ್ನು ಲಾರಿಯೊಂದು ಇಳಿಜಾರಿನಲ್ಲಿ ಅಟ್ಟಿಸಿಕೊಂಡು ಬರಬೇಕಿತ್ತು. ಆ ಯಮದೂತನ ಪಾತ್ರಕ್ಕೆ, ಶಂಕಗಿರಿಯಲ್ಲಿ ಲಾರಿ ಓಡಿಸುತ್ತಿದ್ದ ನಮ್ಮ ಮಾವ ಆಯ್ಕೆಯಾದರು. ಅತ್ತೆಯೂ ನಾನೂ ಕೆಳಗಿನ ತಿರುವಿನಲ್ಲಿ ಕ್ಯಾಮೆರಾದ ಪಕ್ಕ ನಿಂತೆವು.

ಕಾರು ಬಂತು. ಹಿಂದೆಯೇ ಲಾರಿ, ಕಿಂಚಿತ್ತೂ ಸದ್ದಿಲ್ಲದೆ. ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು. ಇಳಿಜಾರು ಕಂಡೊಡನೆ ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸುವುದು ಮಾವನ ಕುಲಧರ್ಮ. ಆಮೇಲೆ ಗಾಡಿಯನ್ನು ಹಿಡಿದು ನಿಲ್ಲಿಸಲು ಬ್ರೇಕೊಂದೇ ದಿಕ್ಕು. ಲಾರಿ ಗೇಣಂತರದಲ್ಲಿ ಕಾರನ್ನು ತಪ್ಪಿಸಿ, ಮಣ್ಣಿನ ದಿಬ್ಬಕ್ಕೆ ಮೂತಿ ಒರೆಸಿ ನಿಂತಿತು. ಬ್ರೇಕ್ ಕಾದು ಚಕ್ರಗಳಿಂದ ಹೊಗೆ ಏಳುತ್ತಿತ್ತು; ಇನ್ನಷ್ಟು ಕಾದರೆ ಅದು ಹಿಡಿಯುವುದೇ ಇಲ್ಲ.

"ಡೀಸೆಲ್ ಸಿನ್ಮಾದವ್ರದು, ಉಸ್ರು ನಿಂದು! ಗೇರ್ ಯಾಕ್ ತಪ್ಪಿಸ್ದೆ?" ಎಂದರು ಅತ್ತೆ.

"ನಾನೆಲ್ಲಿ ತಪ್ಪಿಸ್ದೆ? ಇಳಿಜಾರು ಬಂದ್ರೆ ಕೈ ತಾನಾಗೇ ಓಯ್ತೈತೆ ಕಣಮ್ಮಿ," ಎಂದರು ಮಾವ.

ನಿರ್ದೇಶಕರು ಓಡಿಬಂದು ಮಾವನ ಕೈ ಕುಲುಕಿದರು. ಹಾಗೆಯೇ, ಸದ್ದಿಲ್ಲದೆ, ಇನ್ನೊಮ್ಮೆ ಬರಬೇಕೆಂದು ತಮಿಳಿನಲ್ಲಿ ಅಪ್ಪಣೆ ಕೊಡಿಸಿದರು. ಬ್ರೇಕ್ ಆರುವವರೆಗೆ ಕಾಯಲು ಇಳಿಯುತ್ತಿರುವ ಬಿಸಿಲಿಗೆ ಪುರುಸೊತ್ತಿಲ್ಲವಂತೆ. ಮಾವ ಜೇಬಿನ ಬಾಚಣಿಗೆ ತೆಗೆದು ತಲೆ ಬಾಚಿಕೊಂಡು ಲಾರಿ ಹತ್ತಿದರು.

ಅತ್ತೆ ನನ್ನನ್ನು ಎಳೆದುಕೊಂಡು ರಸ್ತೆಯಿಂದ ದೂರ, ಬಂಡೆಯ ಮೇಲಕ್ಕೆ ಹತ್ತಿದರು. ಕ್ಯಾಮೆರಾದವರನ್ನೂ ಕೂಗಿ ಕರೆದರು. ಯಾರೂ ಬರಲಿಲ್ಲ.