ಕಟಕಟೆಯಲ್ಲಿ ಅಂಟಿದ ಹೆಸರು

ಆಂಬ್ರೋಸ್ ಥರ್ಕಲ್ ಹುಟ್ಟಿದ್ದು, ಬೆಳೆದದ್ದು, ಹಾವುಮೀನು ಹಿಡಿದು ಹೊಟ್ಟೆ ಹೊರೆದದ್ದು ಎಲ್ಲವೂ ಇಂಗ್ಲೆಂಡಿನ ಪೂರ್ವದ ಜೌಗುಸೀಮೆಯಲ್ಲಿ. ಎರಡನೆಯ ಚಾರ್ಲ್ಸ್ ದೊರೆಯ ಕೊನೆಗಾಲ. ನೀರು ಎಲ್ಲಿ ಮುಗಿಯಿತು, ನೆಲ ಎಲ್ಲಿ ಸುರುವಾಯಿತು ಎಂದು ಅಲ್ಲಿಯವರಿಗೇ ಸರಿಯಾಗಿ ತಿಳಿಯದು. ಲೂಕ್ ಸ್ಕಾಟ್ನಿ ಅವನ ದೋಣಿಯ ಜೊತೆಗಾರ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಬಾಯಲ್ಲಿ ಬೈದಾಡಿಕೊಂಡವರು.

ಒಂದು ದಿನ ಹಾವುಮೀನು ಹಿಡಿಯುವ ಬುಟ್ಟಿಯನ್ನು ನೀರಿಗೆ ಇಳಿಸುವ ಜಾಗದ ಮಾತಿಗೆ ಹೆಂಡದಂಗಡಿಯಲ್ಲಿ ಜಗಳವಾಯಿತು. ಅದು ಕೈಕೈ ಮಿಲಾಯಿಸುವ ತನಕ ಹೋದಾಗ ಜನ ಬಿಡಿಸಿದರು. ಮರುದಿನ ಬೆಳಿಗ್ಗೆ ಏನೂ ಆಗದವರಂತೆ ಇಬ್ಬರೂ ದೋಣಿ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ದೋಣಿ ಮರಳಿದಾಗ ಅದರಲ್ಲಿ ಆಂಬ್ರೋಸ್ ಒಬ್ಬನೇ ಇದ್ದ.

"ಅವನು ಮುಂದ್ಗಡೆ ನಿಂತು ಬುಟ್ಟಿ ಇಳಿಸ್ತಿದ್ದ, ನಾನು ಹಿಂದ್ಗಡೆ ಗಳ ಊರಿ ದೋಣಿ ತಳ್ತಿದ್ದೆ. ಮಂಜಲ್ಲಿ ಅವನ ಬೆನ್ನೂ ಕಾಣ್ತಿರಲಿಲ್ಲ. ನೀರು ದುಡುಂ ಅಂತು, ಅಷ್ಟೇ. ಕೂಗಿದೆ, ಗಳ ಹಾಕಿ ತಡಕಾಡಿದೆ," ಎಂದು ಅವನು ಎಷ್ಟು ಅಂಗಲಾಚಿದರೂ ಜನ ಹಿಂದಿನ ದಿನದ ಜಗಳವನ್ನು ಮರೆತಿರಲಿಲ್ಲ. ಕೈಗೆ ಕೋಳ ಬಿತ್ತು.

ವಸಂತಕಾಲದಲ್ಲಿ ನ್ಯಾಯಾಧೀಶರ ಸವಾರಿ ಜಿಲ್ಲೆಗೆ ಬಂತು. ಕಟಕಟೆಯಲ್ಲಿ ನಿಂತ ಆಂಬ್ರೋಸನನ್ನು ಕೋರ್ಟಿನ ಗುಮಾಸ್ತ ಕೇಳಿದ: "ಹೇಳು, ನೀನು ತಪ್ಪಿತಸ್ಥನೋ, ಅಲ್ಲವೋ?"

"ಅಲ್ಲ ಬುದ್ಧಿ."

ಗುಮಾಸ್ತ ತಲೆಯನ್ನೂ ಎತ್ತದೆ ಮಂತ್ರ ಒಪ್ಪಿಸುವವನಂತೆ ಅಂದ: "ಕಲ್ಪ್ರಿಟ್, ನಿನ್ನ ವಿಚಾರಣೆ ಹೇಗೆ ನಡೀಬೇಕು?"

ಯಾರಿಗೆ ಕೇಳಿದ್ದು? ತನ್ನ ಹೆಸರು ಆಂಬ್ರೋಸ್. ಈ ಕಲ್ಪ್ರಿಟ್ ಯಾರು? ಬೆನ್ನ ಹಿಂದೆ ಇನ್ನೊಬ್ಬ ಬಂದು ನಿಂತಿರಬೇಕೆಂದು ಅವನು ಹಿಂತಿರುಗಿ ನೋಡಿದ. ಬರಿಯ ಗೋಡೆ. ಆದರೆ ಪಕ್ಕದಲ್ಲಿದ್ದ ಜೈಲಿನ ಕಾವಲುಗಾರನೂ ಅದೇ ಗಳಿಗೆಯಲ್ಲಿ ಹಿಂತಿರುಗಿ ನೋಡಿದ್ದ. ನೋಡಿ, ಒಂದು ಹೆಜ್ಜೆ ಆಚೆ ಸರಿದ.

"ದೇವರಿಂದ, ನನ್ನ ನಾಡಿನವರಿಂದ," ಎಂದು ಜೈಲಿನಲ್ಲಿ ಹೇಳಿಕೊಟ್ಟಿದ್ದ ಉತ್ತರವನ್ನು ಆಂಬ್ರೋಸ್ ತೊದಲಿದ. ಹೆಣವಿಲ್ಲ, ಕಂಡವರಿಲ್ಲ. ತೀರ್ಪು ಹೇಳಲು ಕೂತಿದ್ದ ಪಂಚರು ತಪ್ಪಿತಸ್ಥನಲ್ಲವೆಂದು ಬಿಟ್ಟುಬಿಟ್ಟರು.

ಕೋರ್ಟಿಗೆ ಬಂದಿದ್ದ ಊರಿನವರು ಆ ಹೊಸ ಮಾತನ್ನು ಸಂತೆಯ ಸಾಮಾನಿನಂತೆ ಹೊತ್ತು ತಂದರು. ಹೆಂಡದಂಗಡಿಯ ವಿನಿಫ್ರೆಡ್ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತು, "ಬಾರಪ್ಪ ಕಲ್ಪ್ರಿಟ್! ಕುತ್ತಿಗೆ ಇನ್ನೂ ನೆಟ್ಟಗಿದೆಯಲ್ಲ!" ಎಂದಳು. ಎಲ್ಲರೂ ನಕ್ಕರು. ಆಂಬ್ರೋಸನೂ ನಕ್ಕ. ಅಂದಿನಿಂದ ಅವನನ್ನು ಸ್ವಂತ ಹೆಸರಿನಿಂದ ಕರೆಯುವವಳು ಹೆಂಡತಿ ಡಾರ್ಕಸ್ ಒಬ್ಬಳೇ ಉಳಿದಳು.

ಆಮೇಲೆ ಸುರುವಾಯಿತು ನೋಡಿ. ಮಂಜು ಬಿದ್ದ ಹಗಲು ಅವನು ಒಬ್ಬನೇ ದೋಣಿಯಲ್ಲಿದ್ದರೆ ಜೊಂಡಿನ ಆಚೆಯಿಂದ ಯಾರೋ "ಕಲ್ಪ್ರಿಟ್" ಎನ್ನುತ್ತಿದ್ದರು. ಕೂಗಲ್ಲ, ಪಕ್ಕದ ಮನೆಯವನು ಕರೆದಂತೆ ಮೆಲ್ಲನೆ. ಯಾವನೋ ತಮಾಷೆಗೆ ಕರೆಯುತ್ತಿದ್ದಾನೆಂದು ಅವನು ತಿಳಿದ. ಆದರೆ ಒಂದು ಸಲ, ಅವನು ಬಾಯಿ ತೆರೆಯುವ ಮೊದಲೇ, ಅವನ ಹಿಂದಿನಿಂದ ಯಾರೋ "ಓ" ಎಂದು ಓಗೊಟ್ಟರು. ದೋಣಿಯ ಹಿಂತುದಿ ಯಾರೋ ಕಾಲಿಟ್ಟಂತೆ ತುಸು ಕುಸಿದು ಹಾಗೇ ನಿಂತಿತು.

ಮನೆಗೆ ಬಂದರೆ ಡಾರ್ಕಸ್ ಒಲೆಯ ಮುಂದೆ ಎರಡು ಬಟ್ಟಲು ಸೂಪು ಬಡಿಸಿಟ್ಟಿದ್ದಳು. ತಾನು ಆಗಲೇ ಉಂಡಿದ್ದಳು.

"ಇನ್ನೊಂದು ಯಾರಿಗೇ?"

"ಹೊರಗೆ ಕಾಲುಹಲಗೆ ಮೇಲೆ ಇಬ್ಬರ ಹೆಜ್ಜೆ ಸಪ್ಪಳ ಕೇಳಿಸ್ತಲ್ಲ. ಯಾರನ್ನೋ ಕರ್ಕೊಂಡ್ ಬಂದೆ ಅಂದ್ಕೊಂಡೆ," ಎಂದು ಅವಳು ಬಾಗಿಲ ಕಡೆ ನೋಡಿದಳು.

ವರ್ಷ ಕಳೆದಂತೆ ಮಾತಿನ ಬಣ್ಣ ಬದಲಾಯಿತು. ಮೊದಲು ಅದು ಅವನೊಬ್ಬನ ಅಡ್ಡಹೆಸರು. ಆಮೇಲೆ ವಿನಿಫ್ರೆಡಳ ಬಾತುಕೋಳಿ ಕಳುವಾದಾಗ ಅವಳು ಅಂಗಡಿಯ ನಡುವೆ ನಿಂತು, "ಯಾವನೋ ಆ ಕಲ್ಪ್ರಿಟ್, ಎದ್ದು ನಿಂತ್ಕೊಳ್ಲಿ!" ಎಂದು ಗದರಿದಳು. ಮೂಲೆಯಲ್ಲಿದ್ದ ಆಂಬ್ರೋಸ್ ಎದ್ದು ನಿಂತ. "ನಾನಲ್ಲ ತಾಯಿ," ಎಂದ. ಅವಳು ನಗುತ್ತ, "ನಿನಗಲ್ಲ ಮಾರಾಯ, ಕದ್ದವನಿಗೆ ಅಂದಿದ್ದು," ಎಂದಳು. ಅಲ್ಲಿಂದ ಹಾಲು ಕುಡಿದ ಬೆಕ್ಕಿಗೂ ಅದೇ ಮಾತು, ಬೇಲಿ ಮುರಿದ ಹೋರಿಗೂ ಅದೇ. ಅವನನ್ನು ಕಂಡೇ ಇರದ ದೂರದೂರಿನ ದೋಣಿಯವರ ಬಾಯಲ್ಲೂ ಅದು ಕೇಳಿಸಿದಾಗ ಅವನು ತನ್ನ ದೋಣಿಯ ಹಿಂತುದಿಯನ್ನು ತಿರುಗಿ ನೋಡಿದ. ತನ್ನ ಜೊತೆ ಕಟಕಟೆಯಿಂದ ಇಳಿದುಬಂದವನು ಈಗ ತನ್ನನ್ನು ಬಿಟ್ಟು ಊರೂರು ಅಲೆಯುತ್ತಿದ್ದಾನೆ!

ಪಾದ್ರಿ ಕಾಲ್ಡಿಕಟ್ ಪ್ರಾಯದಲ್ಲಿ ವಕೀಲರ ಬಳಿ ಇದ್ದವರು. ಆಂಬ್ರೋಸ್ ಅವರ ಬಳಿ ಹೋಗಿ ಕೇಳಿದ: "ಸ್ವಾಮಿ, ಈ ಕಲ್ಪ್ರಿಟ್ ಅಂದ್ರೆ ಯಾರು?"

"ಯಾರೂ ಅಲ್ಲವೋ," ಎಂದು ಪಾದ್ರಿ ನಕ್ಕರು. "ಹಿಂದೆ ಕೋರ್ಟಿನ ಮಾತೆಲ್ಲ ಫ್ರೆಂಚು. ಕೈದಿ 'ನಾನು ತಪ್ಪಿತಸ್ಥ ಅಲ್ಲ' ಅಂದ ಕೂಡ್ಲೇ ದೊರೆ ಕಡೆಯ ಗುಮಾಸ್ತ 'ನೀನು ತಪ್ಪಿತಸ್ಥನೇ, ಸಾಬೀತು ಮಾಡೋಕೆ ನಾವು ಸಿದ್ಧ' ಅನ್ನಬೇಕು. ಅಷ್ಟುದ್ದ ಯಾರು ಬರೀತಾರೆ? ತಪ್ಪಿತಸ್ಥ ಅನ್ನೋದಕ್ಕೆ 'ಕಲ್', ಸಿದ್ಧ ಅನ್ನೋದಕ್ಕೆ 'ಪ್ರಿಟ್' ಅಂತ ತುಂಡು ಮಾಡಿ ಇಟ್ಕೊಂಡ್ರು. ಫ್ರೆಂಚು ಮರೆತುಹೋಯ್ತು, ತುಂಡೆರಡೂ ಕೂಡ್ಕೊಂಡವು, ಎದುರು ನಿಂತವನ ಹೆಸರೇ ಅದು ಅಂದ್ಕೊಂಡ್ರು. ನಮ್ಮ ವಕೀಲ ಯಜಮಾನ್ರು ಹಾಗಂತಿದ್ರಪ್ಪ."

ಆಂಬ್ರೋಸ್ ನಗಲಿಲ್ಲ. "ಹಾಗಾದ್ರೆ ಪಂಚರು ಬಾಯಿ ಬಿಡೋಕೆ ಮುಂಚೇನೇ ನಾನು ತಪ್ಪಿತಸ್ಥ ಅಂದುಬಿಟ್ಟಿದ್ರು."

"ಎಲ್ಲರಿಗೂ ಹಾಗೇ ಅಂತಾರೋ."

"ನನಗಂದಿದ್ದು ನನಗೆ ತಗಲ್ತಲ್ಲ ಸ್ವಾಮಿ."

ಆಮೇಲೆಯೇ ಆ ನೆನಪು ಮೂಡಿದ್ದು. ಕೋರ್ಟಿನಲ್ಲಿ ನಿಂತಾಗ ಅಂಥದ್ದೇನೂ ಅವನ ಮನಸ್ಸಿನಲ್ಲಿರಲಿಲ್ಲ. ಈಗ ಬಲೆ ಹೆಣೆಯುತ್ತ ಕೂತಾಗ ಬಲ ಅಂಗೈಯಲ್ಲಿ ಒದ್ದೆ ಉಣ್ಣೆಯ ಒರಟು ತಗಲಿದಂತಾಗುತ್ತಿತ್ತು. ಲೂಕನ ಅಂಗಿ. ಅದರೊಳಗಿನ ಬೆನ್ನಿನ ಬಿಸುಪು. ತಾನು ತಳ್ಳಿದ್ದನೇ? ದೋಣಿಯ ಹಿಂತುದಿಯಿಂದ ಮುಂತುದಿಗೆ ಕೈ ಎಟುಕುವುದಿಲ್ಲವೆಂದು ಅವನಿಗೆ ಗೊತ್ತು. ಆದರೂ ಅಂಗೈ ಒಪ್ಪುತ್ತಿರಲಿಲ್ಲ.

ಮುಪ್ಪು ಬಂತು. ಜೌಗು ಬತ್ತಿಸಲೆಂದು ಹೊಸ ಕಾಲುವೆ ತೋಡುವವರು ಬಂದರು. ಒಂದು ಬೆಳಿಗ್ಗೆ ಕರಿಮಣ್ಣಿನಿಂದ ಒಂದು ಹೆಣ ಎದ್ದುಬಂತು. ಆ ಮಣ್ಣು ಹೆಣವನ್ನು ಕೊಳೆಸುವುದಿಲ್ಲ, ಚರ್ಮ ಹದಮಾಡಿದಂತೆ ಹದಮಾಡಿ ಇಡುತ್ತದೆ. ಲೂಕನ ಕಪ್ಪು ಗಡ್ಡ ಕೆಂಪಾಗಿತ್ತು. ಮುಖದಲ್ಲಿ ಒಂದು ಸುಕ್ಕಿಲ್ಲ. ಬಾಯಿ ಅರ್ಧ ತೆರೆದಿತ್ತು, ಯಾರನ್ನೋ ಕರೆಯಲು ಹೊರಟವನಂತೆ. ಬುಟ್ಟಿ ಮುಳುಗಲೆಂದು ಕಟ್ಟುವ ಕಲ್ಲಿನ ಹಗ್ಗ ಕಾಲಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು.

"ಕಲ್ಲು ಬಿಟ್ಟಾಗ ಹಗ್ಗ ಕಾಲಿಗೆ ಸಿಕ್ಕಿ ಎಳ್ಕೊಂಡಿದೆ. ಅಷ್ಟೇ ಕಥೆ," ಎಂದ ಕಾಲುವೆಯವರ ಮೇಸ್ತ್ರಿ.

ನೆರೆದವರೆಲ್ಲ ಟೋಪಿ ತೆಗೆದರು. ಹಲ್ಲು ಬಿದ್ದ ವಿನಿಫ್ರೆಡ್ ಅಳುತ್ತ ಮುದುಕನ ಕೈ ಹಿಡಿದು, "ತಪ್ಪಾಯ್ತಪ್ಪ," ಎಂದಳು. ಆಂಬ್ರೋಸ್ ಕೈ ಬಿಡಿಸಿಕೊಂಡು ಕೆಸರಿನಲ್ಲಿ ಮಂಡಿಯೂರಿದ. ಬಲ ಅಂಗೈಯನ್ನು ಲೂಕನ ಬೆನ್ನಿನ ಕೆಳಗೆ ತೂರಿಸಿ ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದ. ಆಮೇಲೆ ಅಂಗೈ ನೋಡಿಕೊಳ್ಳುತ್ತ ಎದ್ದ.

"ಏನ್ ಸಿಕ್ತು?" ಎಂದು ಡಾರ್ಕಸ್ ಪಿಸುಗುಟ್ಟಿದಳು.

"ಬಿಸಿ ಇದೆ ಕಣೇ," ಎಂದ ಅವನು.

ಲೂಕನನ್ನು ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಅಂದಿನಿಂದ ಊರಿನವರು ಪಟ್ಟು ಹಿಡಿದು, ಗೌರವದಿಂದ, "ಆಂಬ್ರೋಸಣ್ಣ, ಆಂಬ್ರೋಸಣ್ಣ" ಎಂದು ಕರೆಯತೊಡಗಿದರು. ಅವನು ತಿರುಗುತ್ತಿರಲಿಲ್ಲ. ಕಿವಿ ಮಂದವಾಗಿದೆ ಎಂದುಕೊಂಡರು. ಆದರೆ ಬೀದಿಯಲ್ಲಿ ಯಾವ ತಾಯಿಯಾದರೂ ಒಡೆದ ಮಡಕೆಯ ಮುಂದೆ ನಿಂತು ಆ ಇನ್ನೊಂದು ಮಾತು ಆಡಿದರೆ, ಎರಡು ಮನೆಯಾಚೆಯಿಂದ ಮುದುಕ ತಲೆಯೆತ್ತಿ, "ಓ, ಬಂದೆ," ಎನ್ನುತ್ತಿದ್ದ.